ಒಂದೇ ಪಾಠ, ಮೂರು ದಿನ

ಗೆಳೆಯರೇ, ಇವತ್ತು ಶಹಾಪುರದ ಕಾಲೇಜಿನಲ್ಲಿ ಬಿ.ಎ. ಮಕ್ಕಳಿಗೆ ಸಮಾಜಶಾಸ್ತ್ರ ಹೇಳುತ್ತಿದ್ದೆ. ದುಡಿಮೆಯೇ ಗುರುತಾಗಿಬಿಟ್ಟರೆ ಮನುಷ್ಯ ಒಳಗೊಳಗೇ ಹೇಗೆ ಬಸವಳಿಯುತ್ತಾನೆ ಎಂಬ ಪಾಠ. ಕಡೇಚೂರಿನ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಮಾತನಾಡಿಸಿ ನಾನೇ ಸಂಶೋಧನೆ ಮಾಡಿದ ವಿಷಯ. ಆದರೆ ಒಬ್ಬರೂ ಬರೆದುಕೊಳ್ಳುತ್ತಿರಲಿಲ್ಲ. ಸಿಟ್ಟು ಬಂತು.

“ಯಾಕ, ಬರ್ಕೊಳ್ಳಾಕ ಕೈ ನೋಯ್ತಾವೇನು?” ಎಂದೆ.

ದೋರನಹಳ್ಳಿಯ ಮಹಾದೇವಿ ಎದ್ದು ನಿಂತಳು. “ಮೇಡಂ, ಸೋಮವಾರನೂ ಇದನ್ನ ಹೇಳೀರಿ, ನಿನ್ನೀನೂ ಇದನ್ನ ಹೇಳೀರಿ. ಬರ್ಕೊಂಡೀವ್ರಿ.”

“ಮತ್ತ ನಿನ್ನಿ ಯಾಕ ಹೇಳಲಿಲ್ಲವ್ವಾ?”

“ನೀವು ಭಾಳ ದಣದೀರಿ ಅನಸ್ತರಿ. ಪಾಪ ಅಂತ ಸುಮ್ಮ ಕುಂತ್ವಿ.”

ಅವಳ ನೋಟ್‌ಬುಕ್ ತೆರೆದು ನೋಡಿದೆ. ಎರಡೂ ತಾರೀಖುಗಳ ಕೆಳಗೆ ಅದೇ ಮಾತು, ಅದೇ ಉದಾಹರಣೆ. ನನಗೆ ಒಂದೂ ನೆನಪಿಲ್ಲ. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಸುರಪುರದಲ್ಲಿ ಅತಿಥಿ ಉಪನ್ಯಾಸಕಿ. ದಿನಗಳು ಒಂದರೊಳಗೊಂದು ಕಲಸಿಹೋಗಿವೆ. ಪಾಠ ನಿಲ್ಲಿಸಿ, ಪ್ರಾಂಶುಪಾಲರ ಬಳಿ ಹೋಗಿ ನಾಲ್ಕು ದಿನ ರಜೆ ಕೇಳಿದೆ.

“ಈಗ ಹ್ಯಾಂಗ ಕೊಡ್ಲಿಕ್ಕಾಗ್ತದ್ರಿ ಮೇಡಂ? ಶನಿವಾರ ಸಿಬ್ಬಂದಿಗೆ ಒತ್ತಡ ನಿರ್ವಹಣೆ ಕಾರ್ಯಾಗಾರ ಅದ. ನೀವೇ ಮಾತಾಡಬೇಕು,” ಎಂದರು.

“ಆಯ್ತ್ರಿ ಸರ್” ಎಂದು ಬಂದೆ. ಇಲ್ಲ ಎನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ.