ಪ್ಲಾಸ್ಟಿಕ್ ಎಲೆಯ ಲಂಗ

ಅರಬರ ನಾಡಿನ ರಿಗ್ಗೈಯಲ್ಲಿ ನರ್ಸ್ ಆಗಿರುವ ಮಗಳ ಮನೆಗೆ ಬರುವಾಗ ಯಲ್ಲಾಪುರದಿಂದ ಡಮಾಮ್ ಹೊತ್ತು ತಂದಿದ್ದೆ. ಅದು ನಮ್ಮ ಸಿದ್ದಿಗಳ ವಾದ್ಯ. ಬೆಂಕಿಗೆ ಹಿಡಿದು ಕಾಯಿಸದೆ ಅದರ ಚರ್ಮ ದನಿ ಕೊಡದು. ಇಲ್ಲಿ ಗ್ಯಾಸಿನ ಒಲೆಗೇ ಹಿಡಿಯುತ್ತಿದ್ದೆ. ಕನ್ನಡಿಗರ ಕೂಟದವರು ರಾಜ್ಯೋತ್ಸವಕ್ಕೆ ಸಿದ್ದಿ ಕುಣಿತ ಬೇಕೆಂದಾಗ, ಮೊಮ್ಮಗಳಿಗೆ ನನ್ನ ತಾಯಿಯ ಹೆಜ್ಜೆಗಳನ್ನು ಕಲಿಸಿದೆ. ಶಾಲೆಯಲ್ಲಿ ಗೆಳತಿಯರು ಕಡಿಮೆಯಿದ್ದ ಆ ಮಗುವಿಗೆ ಆ ಸಂಜೆಯದೇ ಧ್ಯಾನ.

ಕೊನೆಯ ತಾಲೀಮಿಗೆ ಹವಲ್ಲಿಯ ಅಂಗಡಿಯಿಂದ ಚೀಲವೊಂದು ಬಂತು. ಒಳಗೆ ಪ್ಲಾಸ್ಟಿಕ್ ಎಲೆಯ ಲಂಗಗಳು, ಗರಿಯ ಕಿರೀಟಗಳು, ಕಪ್ಪು ಬಣ್ಣದ ಡಬ್ಬಿಗಳು.

"ಎಂತದು ಇದು?" ಎಂದೆ.

ಮಂಗಳೂರು ಕಡೆಯ ಕಾರ್ಯದರ್ಶಿ ನಕ್ಕರು. "ಬಾಕಿ ಮಕ್ಕಳು ಬೆಳ್ಳಗೆ ಉಂಟಲ್ಲ ಅಜ್ಜರೇ. ನಿಮ್ಮ ಪುಳ್ಳಿಗೆ ಬಣ್ಣದ ಖರ್ಚೇ ಇಲ್ಲ ಮಾರಾಯ್ರೆ!"

"ನನ್ನ ಅವ್ವ ಸೀರೆ ಉಟ್ಟು ಕುಣಿದವಳು."

"ಫೋಟೋದಲ್ಲೆಲ್ಲ ಹೀಗೇ ಉಂಟು. ಸೀರೆ ಉಟ್ಟರೆ ಸಿದ್ದಿ ಅಂತ ಜನಕ್ಕೆ ಗೊತ್ತಾಗುವುದು ಹೇಗೆ?"

ಇಲ್ಲಿ ಅರಬನೊಬ್ಬ ಹೆಸರು ಕೇಳದೆ "ಹಿಂದಿ", ಅಂದರೆ ಇಂಡಿಯಾದವನೇ, ಎಂದು ಕೂಗಿದರೆ ವಾರಗಟ್ಟಲೆ ಕುದಿಯುವವರು ಇವರೇ.

ಶಾಲೆ ನನಗೆ ನಾಲ್ಕನೆಯ ತರಗತಿಗೇ ಮುಗಿದಿತ್ತು; ಓದು ಮುಗಿಯಲಿಲ್ಲ. ಅಂಥ ಚಿತ್ರಗಳನ್ನು ನಾನೂ ಪುಸ್ತಕಗಳಲ್ಲಿ ಕಂಡಿದ್ದೇನೆ. ನಮ್ಮವರನ್ನು ಹಡಗಿನ ಸರಕಾಗಿ ಮಾರಿದ ಬಿಳಿಯ ದೊರೆಗಳೇ ಬಟ್ಟೆ ಕಳಚಿಸಿ ನಿಲ್ಲಿಸಿ, ಅಡಿಯಲ್ಲಿ "ಕಾಡುಜನ" ಎಂದು ಬರೆದರು. ಗುಲಾಮರಾಗಿ ಬಂದದ್ದನ್ನು ನಾನು ಅಲ್ಲಗಳೆಯೆನು. ಸಿಪಾಯಿಗಳಾಗಿ, ನಾವಿಕರಾಗಿ ಬಂದವರನ್ನು ಆ ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸಿದ್ದೇಕೆ? ನನ್ನ ಮುತ್ತಜ್ಜ ಇವರಲ್ಲಿ ಯಾರೆಂದು ನಾನರಿಯೆ. ಆ ಪುಸ್ತಕಗಳೂ ಅರಿಯವು, ಆದರೆ ಅರಿತಂತೆ ಮಾತಾಡುತ್ತವೆ.

ಅಷ್ಟರಲ್ಲಿ ಮೊಮ್ಮಗಳು ಫ್ರಾಕಿನ ಮೇಲೇ ಲಂಗ ಏರಿಸಿದ್ದಳು. "ಪ್ಲೀಸ್ ಅಜ್ಜಾ, ಎಲ್ಲಾರೂ ವೇರ್ ಮಾಡ್ತಿದಾರೆ."

ಪಕ್ಕದ ಹುಡುಗಿ ಮುಖಕ್ಕೆ ಕಪ್ಪು ಬಳಿದುಕೊಂಡು, ಕಂಕುಳು ಕೆರೆಯುತ್ತ "ಹೂ! ಹೂ!" ಎಂದು ಜಿಗಿದಳು. ದೊಡ್ಡವರೆಲ್ಲ ನಕ್ಕರು. ಮೊಮ್ಮಗಳೂ ನಕ್ಕಳು, ತಟ್ಟನೆ ನಿಲ್ಲಿಸಿದಳು. ಹುಡುಗಿಯ ಮುಖವನ್ನೂ ತನ್ನ ತೋಳನ್ನೂ ನೋಡಿಕೊಂಡಳು.

"ಅಜ್ಜಾ, ಇವಳು ನಾನಾ?"

ಕೇಳುತ್ತಲೇ ಲಂಗ ಕಳಚಿ ನೆಲಕ್ಕೆ ಬಿಟ್ಟಳು.

"ಸೀರೆಯಲ್ಲಾದರೆ ಕುಣೀತಾಳೆ. ಇಲ್ಲಾ, ಖಲಾಸ್," ಎಂದೆ.

"ನಾಳೆ ಪ್ರೋಗ್ರಾಂ, ಅಜ್ಜರೇ! ಈಗ ಹೇಳಿದರೆ ಹೇಗೆ?"

ಡಮಾಮ್ ಎತ್ತಿಕೊಂಡು ಹೊರಬಂದೆವು.

ಮರುಸಂಜೆ ಸಿದ್ದಿ ಕುಣಿತ ನಡೆಯಿತು, ಸಿದ್ದಿಗಳಿಲ್ಲದೆ. ಉಡದೆ ಉಳಿದ ಸೀರೆಯ ಪಕ್ಕ ಮೊಮ್ಮಗಳು ಗೋಡೆಗೆ ಮುಖಮಾಡಿ ಮಲಗಿದ್ದಳು. ಕಾರ್ಯದರ್ಶಿ ಸಂಭ್ರಮದಿಂದ ಫೋನ್ ಮಾಡಿದರು: "ನೀವು ನೋಡಬೇಕಿತ್ತು ಅಜ್ಜರೇ, ಥೇಟ್ ನಿಮ್ಮವರ ಹಾಗೇ ಇತ್ತು!"

ಫೋನ್ ಇಟ್ಟು, ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡೆ.