ಉಡಿ ತುಂಬಿ ಬಿಡಿಸಿಕೊಂಡ ಗದ್ದೆ

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನನಗೆ ಅಪ್ಪನ ಮೇಲೆ ಸಿಟ್ಟಿದೆ, ಅದನ್ನು ಮುಚ್ಚಿಡುವ ದರ್ದೂ ನನಗಿಲ್ಲ.

ಸೊರಬದಿಂದ ತುಸು ದೂರದ ನಮ್ಮೂರಿನ ಕೆರೆಯ ಕೆಳಗೆ ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಗದ್ದೆ ಇತ್ತು. ಮಕ್ಕಳು ನಾವು ಮೂವರು. ಅಣ್ಣನಿಗೆ ಸೊರಬದ ಪೇಟೆಯಲ್ಲಿ ಗೊಬ್ಬರದ ಅಂಗಡಿ. ನಾನು ಕೊನೆಯವಳು, ಮದುವೆಯಾಗಿ ಶಿಕಾರಿಪುರಕ್ಕೆ ಬಂದು ಖಾನಾವಳಿ ನಡೆಸುತ್ತಿದ್ದೇನೆ. ಎಲ್ಲರಿಗಿಂತ ಹಿರಿಯಳು ಅಕ್ಕ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡು ತವರಿಗೆ ಬಂದವಳು, ಅಲ್ಲೇ ಉಳಿದಳು. ಅವ್ವ ಹಾಸಿಗೆ ಹಿಡಿದು ಸಾಯುವವರೆಗೂ ಮೈ ಒರೆಸಿದವಳು ಅವಳು, ಆಮೇಲೆ ಅಪ್ಪನಿಗೂ ಮಾಡಿದವಳು ಅವಳು. ಗದ್ದೆಯೂ ಅವಳದೇ ಕೈಯಲ್ಲಿತ್ತು. ಸಸಿ ಮಡಿ ಹಾಕಿಸುವುದು, ನೆಟ್ಟಿಗೆ ಆಳು ಕರೆಯುವುದು, ಬದು ಒಡೆದರೆ ತಾನೇ ಸೆರಗು ಕಟ್ಟಿಕೊಂಡು ಮಣ್ಣು ಎತ್ತಿ ಹಾಕುವುದು, ಎಲ್ಲ ಅವಳೇ.

"ಈ ಗದ್ದೆ ನಿಂದೇ ಕಣವ್ವ" ಎಂದು ಅಪ್ಪ ಬಂದವರೆದುರಿಗೆಲ್ಲ ಹೇಳುತ್ತಿದ್ದ. ಹೇಳುವುದಕ್ಕೇನು, ನಾಲಿಗೆಗೆ ಎಲುಬಿಲ್ಲ. ಒಂದು ಹಾಳೆಯಲ್ಲಿ ಬರೆದಿಡು ಎಂದರೆ ಮಾತ್ರ ಅವನಿಗೆ ಮೈಮೇಲೆ ಬರುತ್ತಿತ್ತು.

ನನ್ನ ಖಾನಾವಳಿಗೆ ಮಧ್ಯಾಹ್ನದ ಊಟಕ್ಕೆ ಬರುವ ವಕೀಲರೊಬ್ಬರನ್ನು ರೊಟ್ಟಿ ಬಡಿಸುತ್ತಲೇ ಕೇಳಿದ್ದೆ. "ಸ್ವಂತ ಗಳಿಸಿದ್ದು ಅಂದ್ರೆ ಯಾರಿಗೆ ಬೇಕಾದ್ರೂ ಬರೀಬಹುದು ನೋಡ್ರೀ. ವಿಲ್‌ಗೆ ಛಾಪಾ ಕಾಗದಾನೂ ಬೇಡ, ಬಿಳಿ ಹಾಳೆ ಸಾಕು. ಅವರು ಸಹಿ ಮಾಡಿದ್ದನ್ನ ಕಂಡ ಇಬ್ಬರು ಸಾಕ್ಷಿ ಹಾಕ್ಬೇಕು, ಅಷ್ಟೇ. ರಿಜಿಸ್ಟರ್ ಮಾಡ್ಸಿದ್ರೆ ಇನ್ನೂ ಗಟ್ಟಿ. ಬರೀದೇ ಹೋದ್ರೋ, ಮೂರೂ ಮಕ್ಕಳಿಗೆ ಸಮಪಾಲು ಆಗ್ತದೆ" ಎಂದಿದ್ದರು.

ಆ ವಾರವೇ ಬಸ್ಸು ಹತ್ತಿ ಹೋಗಿ ಅಪ್ಪನಿಗೆ ಹೇಳಿದೆ. ಅವನು ಎಲೆ ಉಗಿದು, "ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಿದೀಯೇನೇ? ಬದುಕಿರೋ ಮನೇಲಿ ಸಾವಿನ ಕಾಗದ ಬರೆಯೋದು ಅನಿಷ್ಟ. ನಿಮ್ಮಣ್ಣ ಏನು ಹೊರಗಿನವನಾ?" ಎಂದ. ಎಮ್ಮೆ ಕೊಳ್ಳುವಾಗ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಊರವರನ್ನೆಲ್ಲ ಕೇಳಿ, ಆಮೇಲೂ ಒಂದು ವಾರ ಯೋಚಿಸಿದ ಮನುಷ್ಯ ಇವನು. ಮಗಳ ಅನ್ನದ ವಿಷಯದಲ್ಲಿ ದೇವರಿದ್ದಾನೆ ಎಂದು ಕೂತುಬಿಟ್ಟ.

ಅಪ್ಪ ಸತ್ತು ತಿಥಿ ಮುಗಿದ ಮೇಲೆ ಅಣ್ಣ ಪೌತಿ ಖಾತೆಯ ಮಾತು ತೆಗೆದ. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರಿಗೆ ಜಮೀನು ಹಚ್ಚುವುದು ಅದು. "ಮೂರು ಹೆಸರು ಯಾಕೆ ಸುಮ್ನೆ? ನೀವಿಬ್ರೂ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಿ. ಅಕ್ಕ ಇರೋವರೆಗೂ ಉಣ್ಲಿ, ನಾನೇನು ಬೀದಿಗೆ ಹಾಕ್ತೀನಾ?" ಎಂದ.

ಅಕ್ಕ ಅಂದು ತಲೆ ಎತ್ತಿಯೇ ಹೇಳಿದಳು: "ಗದ್ದೆ ಒಂದು ಬಿಟ್ಟು ಬೇರೆ ಏನಾದ್ರೂ ಕೇಳಪ್ಪ."

ಅದನ್ನು ಕೇಳಿ ನಾನು ಧೈರ್ಯವಾಗಿ ಶಿಕಾರಿಪುರಕ್ಕೆ ಮರಳಿದೆ. ಅಣ್ಣನ ಹೆಂಡತಿ ಎಂಥವಳು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳಿಂದ ಹಕ್ಕು ಬಿಡಿಸಿಕೊಳ್ಳುವ ದಿನ ಮೊದಲು ಉಡಿ ತುಂಬುತ್ತಾರೆ. ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಸೀರೆ, ರವಿಕೆ ಕಣ ಇಟ್ಟು, ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ, ಆಮೇಲೆ ಕಚೇರಿಗೆ ಕರೆದುಕೊಂಡು ಹೋಗುತ್ತಾರೆ. ಉಡಿ ತುಂಬಿಸಿಕೊಂಡ ಮೇಲೆ ತವರಿಗೆ ಎದುರು ಮಾತಾಡಬಾರದು, ಆಡಿದರೆ ತವರಿಗೆ ಕೇಡು. ಎಂಥ ಚೆಂದದ ಶಾಸ್ತ್ರ! ಯಾರು ಮಾಡಿದರೋ, ಅವರ ಬಾಯಿಗೆ ಬೂದಿ ಬೀಳಲಿ.

ಅದೇ ಮನೆತನದಲ್ಲಿ ಗಂಡ ಸತ್ತವಳಿಗೆ ಉಡಿ ತುಂಬುವ ಪದ್ಧತಿಯಿಲ್ಲ. ಪ್ರಾಯದಿಂದಲೂ ಅಕ್ಕನ ಹಣೆಯಲ್ಲಿ ವಿಭೂತಿ ಬಿಟ್ಟು ಬೇರೇನೂ ಇರಲಿಲ್ಲ. ಅಣ್ಣನ ಮಗಳ ನಿಶ್ಚಿತಾರ್ಥದಲ್ಲಿ ಇದೇ ಅತ್ತಿಗೆ, "ನೀವು ಒಳಗೇ ಇರಿ ಅಕ್ಕಾ, ಒಲೆ ನೋಡ್ಕೊಳ್ಳಿ" ಎಂದು ಅವಳನ್ನು ಅಡುಗೆಮನೆಯಲ್ಲಿ ಕೂಡಿಹಾಕಿದ್ದಳು.

ಮಾತಾಡುವುದಿದೆ ಎಂದು ಅಣ್ಣ ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಸೊರಬದ ಮನೆಗೆ ಕರೆಸಿದ. ಹೋಗಿ ನೋಡಿದರೆ ನಡುಮನೆಯಲ್ಲಿ ಎರಡು ಮಣೆ, ಅಕ್ಕಪಕ್ಕದ ಮುತ್ತೈದೆಯರು. ನಾನು ಬಾಗಿಲಲ್ಲೇ ನಿಂತೆ. ಅತ್ತಿಗೆ ಅಕ್ಕನ ಕೈ ಹಿಡಿದಳು. "ನಂಗೆ ಯಾಕೆ ಮಾರಾಯ್ತಿ, ನಂಗೆ ಇದೆಲ್ಲ ಬರಲ್ಲ" ಎಂದು ಅಕ್ಕ ಹಿಂದೆ ಸರಿದಳು.

"ಮನೆ ಮಗಳಿಗೆ ಎಂಥದು ಅಕ್ಕಾ, ಕಾಲ ಬದಲಾಗಿದೆ. ಬನ್ನಿ, ಕೂತ್ಕೊಳ್ಳಿ" ಎಂದು ಅತ್ತಿಗೆ ಅವಳನ್ನು ಮಣೆಯ ಮೇಲೆ ಕೂರಿಸಿ, ತನ್ನ ಕೈಯಾರೆ ಹಣೆಗೆ ಕುಂಕುಮ ಇಟ್ಟಳು. ಹಸಿರು ಸೀರೆ. ಅಕ್ಕ ಸೆರಗೊಡ್ಡಿದಳು.

ಇಷ್ಟು ವರ್ಷ ಅಡ್ಡ ಬಂದ ಶಾಸ್ತ್ರ ಒಂದು ಸಹಿಗಾಗಿ ಒಂದೇ ಬೆಳಿಗ್ಗೆಯಲ್ಲಿ ಹೇಗೆ ಸಡಿಲವಾಯಿತು? ಕೇಳಿದೆ. ಎಲ್ಲರೆದುರೇ ಕೇಳಿದೆ. "ಒಳ್ಳೇ ಕೆಲಸದಲ್ಲಿ ಅಪಶಕುನ ನುಡೀಬೇಡ" ಎಂದ ಅಣ್ಣ.

ಅಲ್ಲಿಂದ ನೇರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೊರಟರು, ಅಕ್ಕನನ್ನು ಒಬ್ಬಳೇ ಬಿಡಲಾರದೆ ನಾನೂ ಹೋದೆ. ಅಲ್ಲಿ ಅಧಿಕಾರಿ, "ನಿಮ್ಮ ಮನಸ್ಸಿಂದಲೇ ಬಿಡ್ತಾ ಇದೀರಾ ಅಮ್ಮ?" ಎಂದು ಕೇಳಿದರು. ಅಕ್ಕ ಎಡಗೈಯಲ್ಲಿ ಉಡಿ ಅವುಚಿಕೊಂಡು ಹೂಂ ಎಂದಳು, ಸಹಿ ಹಾಕಿದಳು. ನಾನು ಹಾಕಲಿಲ್ಲ. ಅಣ್ಣ ಹೊರಗೆ ಬಂದು ಹಲ್ಲು ಕಡಿದ. ಕಡಿದುಕೊಳ್ಳಲಿ.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕನ ಮೇಲೆ ರೇಗಿದೆ. "ನಿಂಗೆ ಬುದ್ಧಿ ಇದೆಯಾ? ಒಂದು ಸೀರೆಗೆ ಗದ್ದೆ ಕೊಟ್ಟು ಬಂದ್ಯಲ್ಲೇ!"

ಅವಳು ಉಡಿಯ ಗಂಟು ಬಿಗಿ ಮಾಡಿಕೊಂಡಳು. ಆಮೇಲೆ ಹೇಳಿದಳು: "ಸೀರೆಗಲ್ಲ ಕಣೆ. ಅಷ್ಟು ಹೆಂಗಸರ ಮುಂದೆ ನನ್ನನ್ನ ಕೈ ಹಿಡಿದು ಕರೆದ್ರು. ಹಣೆ ಮುಟ್ಟಿದ್ರು. ಬೇಡ ಅನ್ನೋಕೆ ಆಗ್ಲಿಲ್ಲ."

ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ. ಅವಳು ಯಾವುದಕ್ಕೆ ಹಸಿದಿದ್ದಳು ಎಂಬುದು ಅವರಿಗೆ ಗೊತ್ತಿತ್ತು. ಹಸಿವು ಹುಟ್ಟಿಸಿದವರೂ ಅವರೇ. ಅಪ್ಪ ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು ನಾಲ್ಕು ಸಾಲು ಬರೆದಿದ್ದರೆ, ಅಣ್ಣನಿಗೆ ಅದರಲ್ಲಿ ಪಾಲೇ ಇರುತ್ತಿರಲಿಲ್ಲ, ಮಣೆ ಹಾಕುವ ನೆಪವೂ ಇರುತ್ತಿರಲಿಲ್ಲ, ಗದ್ದೆ ಅವಳದೇ ಆಗಿರುತ್ತಿತ್ತು.

ನಾನು ತಡಮಾಡಲಿಲ್ಲ. ನನ್ನ ಪಾಲು ನನ್ನ ನಂತರ ಅಕ್ಕನಿಗೆ ಎಂದು ವಿಲ್ ಬರೆದು ರಿಜಿಸ್ಟರ್ ಮಾಡಿಸಿದೆ. ಸತ್ತುಹೋಗಲಿಲ್ಲ, ಮಾರನೇ ದಿನ ಎದ್ದು ರೊಟ್ಟಿ ತಟ್ಟಿದೆ. ನನ್ನ ಸಹಿ ಇಲ್ಲದ್ದರಿಂದ ಖಾತೆ ಅಣ್ಣನೊಬ್ಬನ ಹೆಸರಿಗೆ ಆಗಿಲ್ಲ. ಆದರೆ ಗುತ್ತಿಗೆಗೆ ಕೊಡಲು ಖಾತೆ ಯಾರು ಕೇಳುತ್ತಾರೆ? ಅಣ್ಣ ಗದ್ದೆಯನ್ನು ಶುಂಠಿ ಬೆಳೆಯುವವರಿಗೆ ಕೊಟ್ಟಿದ್ದಾನೆ. ನಾನು ನನ್ನ ಪಾಲು ಕೇಳಿ ವಕೀಲರ ಮೂಲಕ ಅವನಿಗೆ ನೋಟಿಸು ಕಳಿಸಿ ಕಾಯುತ್ತಿದ್ದೇನೆ.

ಮೊನ್ನೆ ಅಕ್ಕನಿಗೆ ಫೋನ್ ಮಾಡಿದರೆ ಏದುಸಿರು ಬಿಡುತ್ತಿದ್ದಳು. ಎಲ್ಲಿದ್ದೀಯೆ ಎಂದೆ. "ಗದ್ದೇಲಿ" ಎಂದಳು. ಶುಂಠಿಯವರು ಕಳೆ ಕೀಳಲು ಹೆಂಗಸರನ್ನು ಕರೆದಿದ್ದರಂತೆ, ಕೂಲಿ ಆಯಾ ಸಂಜೆಯೇ ಕೊಡುತ್ತಾರಂತೆ.