ಕಾಕಾ ತೂಗುಹಾಕಿದ ಕನ್ನಡಿ

ಮೊನ್ನೆ ನವನಗರದ ಸಲೂನಿನಲ್ಲಿ ಕಟಿಂಗ್ ಮುಗಿಸಿದವನು ನನ್ನ ತಲೆಯ ಹಿಂದೆ ಕೈಗನ್ನಡಿ ಹಿಡಿದು, ‘ಹಿಂದ ಬರೋಬ್ಬರಿ ಐತೇನ್ರಿ?’ ಅಂದ. ಕನ್ನಡಿಯೊಳಗೆ ಕನ್ನಡಿ ಕಂಡದ್ದೇ ಕಾಕಾ ನೆನಪಾದರು...

ಎರಡು ಸಾವಿರದ ಇಸವಿ ದಾಟಿದ ಹೊಸತು. ಓಣಿಯ ಹುಡುಗರೆಲ್ಲ ಕಾಕಾ ಎನ್ನುತ್ತಿದ್ದ ಅವರು ಬೆಂಗೇರಿಯಲ್ಲಿ ತಮ್ಮಪ್ಪನ ಕಟಿಂಗ್ ಅಂಗಡಿಯನ್ನು ಇಂಟರ್ನೆಟ್ ಕೆಫೆ ಮಾಡಿದ್ದರು. ಎದುರುಬದುರು ಗೋಡೆಗೆ ಎರಡು ಸಾಲು ಕಂಪ್ಯೂಟರ್; ಒಂದಕ್ಕೊಂದು ಜೋಡಿಸಿ ಬಂದೂಕಿನ ಆಟ ಆಡುತ್ತಿದ್ದೆವು. ನಾವು ಕೂರುವ ಸಾಲಿನ ಪರದೆಗಳು ಕೌಂಟರಿನಿಂದ ಕಾಣುತ್ತಿರಲಿಲ್ಲ. ಹುಡುಗರು ಕಳ್ಳ ಸಾಫ್ಟ್‌ವೇರ್ ಹಾಕಿ ಮೋಸ ಮಾಡಬಾರದೆಂದು ಅಪ್ಪನ ಕಾಲದ ದೊಡ್ಡ ಕನ್ನಡಿಯನ್ನು ನಮ್ಮ ಬೆನ್ನ ಹಿಂದೆ, ಎದುರುಸಾಲಿನ ಮೇಲಿನ ಗೋಡೆಗೆ ತೂಗುಹಾಕಿ, ‘ಈಗ ಯಾರ್ ಏನ್ ಮಾಡಿದ್ರೂ ನನಗ ಕಾಣತೈತಿ’ ಎಂದು ಮೀಸೆ ತಿರುವಿದ್ದರು.

ಒಂದು ಭಾನುವಾರ ನವನಗರದ ಹುಡುಗರ ಜೊತೆ ಪಂದ್ಯ; ಅವರು ಎದುರುಸಾಲಿನಲ್ಲಿ ಕೂತಿದ್ದರು. ಆಟದಲ್ಲಿ ನಾವು ಎಲ್ಲಿ ಅಡಗಿದರೂ ಅವರಲ್ಲೊಬ್ಬ ತಲೆಗೇ ಗುಂಡು ಹೊಡೆಯುತ್ತಿದ್ದ. ‘ಗ್ವಾಡಿ ಆಚಿ ಕಾಣೋ ಹ್ಯಾಕ್ ಹಾಕ್ಯಾನ ಮಗಾ!’ ಎಂದು ನನ್ನಣ್ಣ ಎದ್ದವನೇ ಅವನ ಕೊರಳಪಟ್ಟಿ ಹಿಡಿದ. ಕೀಬೋರ್ಡಿನಿಂದ ಬಾಯಿಗೆ ಬಾರಿಸಿದ. ಕೀಲಿಗಳ ಜೊತೆ ಒಂದು ಹಲ್ಲೂ ನೆಲಕ್ಕೆ ಬಿತ್ತು. ಬಿದ್ದವನ ಹೊಟ್ಟೆಗೂ ಒದ್ದ. ಕಾಕಾ ಬಿಡಿಸಿ, ಆ ಹುಡುಗನ ಕುರ್ಚಿಯಲ್ಲೇ ಕೂತು ಅವನ ಕಂಪ್ಯೂಟರ್ ಜಾಲಾಡಿದರು. ಏನೂ ಇರಲಿಲ್ಲ. ಆಮೇಲೆ ತಲೆ ಎತ್ತಿದರು. ಎದುರಿನ ಕನ್ನಡಿಯಲ್ಲಿ ನಮ್ಮ ಪರದೆಗಳೆಲ್ಲ ನಿಚ್ಚಳವಾಗಿ ಕಾಣುತ್ತಿದ್ದವು.

‘ಹ್ಯಾಕ್ ಇಲ್ಲೋ ತಮ್ಮಾ, ಕನ್ನಡಿ ನೋಡ್ಯಾನ. ತಪ್ಪು ನಂದ ಐತಿ, ಬಿಡು’ ಎಂದು ಅದನ್ನು ಇಳಿಸಲು ಕೈ ಚಾಚಿದರು. ಅಣ್ಣನ ರೋಷ ಇಳಿದಿರಲಿಲ್ಲ. ಸ್ಟೂಲ್ ಎತ್ತಿ ಕನ್ನಡಿಗೆ ಬೀಸಿದ. ಚೂರೊಂದು ಕಾಕಾರ ಎಡಗಣ್ಣಿಗೆ ನೆಟ್ಟಿತು. ಅಂಗಿಯೆಲ್ಲ ರಕ್ತ... ದವಾಖಾನೆಯಲ್ಲಿ ಅವರು, ‘ಇಳಸೋ ಮುಂದ ಕೈ ಜಾರಿ ಬಿತ್ರಿ’ ಎಂದಷ್ಟೇ ಹೇಳಿದರು. ಕಣ್ಣು ಹೋಯಿತು. ಕೆಫೆಯೂ ಮುಚ್ಚಿತು.

ಹೋಗಿ ತಪ್ಪಾಯಿತು ಅನ್ನು ಎಂದು ನಾನು ಅಣ್ಣನ ಬೆನ್ನು ಬಿದ್ದೆ. ಕಡೆಗೊಮ್ಮೆ ಹೋದ, ಹೋದಷ್ಟೇ ಬೇಗ ಬಂದ.

‘ಕಟ್ಟೀ ಮ್ಯಾಲೆ ಕುಂತಿದ್ರು. ಬಾಜೂಕ ಎಷ್ಟೊತ್ತು ನಿಂತ್ರೂ ನನ್ನ ಕಡೆ ಹೊಳ್ಳಿ ನೋಡ್ಲಿಲ್ಲ. ಸಿಟ್ಟು ಹೋಗಿಲ್ಲ ಅವರದು.’

‘ಯಾವ ಬಾಜೂಕ ನಿಂತಿದ್ದಿ?’

‘ಎಡಕ್ಕ.’

ಅವನ ಕೆನ್ನೆಗೆ ಬಾರಿಸಬೇಕೆನಿಸಿತ್ತು. ಆ ಸಿಟ್ಟು ನನಗೆ ಇಂದಿಗೂ ಆರಿಲ್ಲ. ಅಣ್ಣ ಮತ್ತೆ ಹೋಗಲಿಲ್ಲ. ಕಾಕಾ ತೀರಿಕೊಂಡು ವರ್ಷಗಳೇ ಆದವು...

‘ಕಾಣಾಕತ್ತೈತೇನ್ರಿ?’ ಸಲೂನಿನವನು ಮತ್ತೆ ಕೇಳಿದ. ನಾನು ಹೂಂ ಅಂದೆ. ಅಣ್ಣ ಬಂದಿದ್ದ ಎಂಬುದು ಕಾಕಾಗೆ ತಿಳಿಯಲೇ ಇಲ್ಲ.